ಆನೆಕಾಲಿನ ಗುಳಿಗೆ

"ಇಟ್ಟು ಹೋಗವ್ವ ತಂಗಿ, ಆಮ್ಯಾಲ ತಗೋತೀವಿ" ಎಂದು ಭಗವಂತರಾಯ ಬೊಗಸೆ ಒಡ್ಡಿದ. ಆಶಾ ಕಾರ್ಯಕರ್ತೆ ಮಹಾನಂದಾ ಗುಳಿಗೆಯ ಡಬ್ಬಿಯನ್ನು ಹಿಂದಕ್ಕೆಳೆದುಕೊಂಡಳು. ಈ ಸಲ ಹಾಗೆಲ್ಲ ಕೈಗೆ ಕೊಟ್ಟು ಹೋಗುವಂತಿಲ್ಲವಂತೆ. ಆನೆಕಾಲು ರೋಗದ ಗುಳಿಗೆಯನ್ನು ಮನೆಮಂದಿಯೆಲ್ಲ ಅವಳ ಕಣ್ಣೆದುರೇ ನುಂಗಬೇಕು, ನುಂಗಿದವರ ಬೆರಳಿಗೆ ಅವಳು ಮಸಿ ಹಚ್ಚಬೇಕು. ಶಹಾಪುರದ ದವಾಖಾನೆಯಿಂದಲೇ ತಾಕೀತಾಗಿದೆ.

ಭಗವಂತರಾಯನ ಯೋಜನೆಯೇ ಬೇರೆ ಇತ್ತು. ಏಳೆಂಟು ವರ್ಷದ ಹಿಂದೆ ಮೊದಲ ಸಲ ಈ ಗುಳಿಗೆ ಕೊಟ್ಟಾಗ ಅದನ್ನು ಒಯ್ದು ಔಷಧದ ಅಂಗಡಿಯವನಿಗೆ ತೋರಿಸಿದ್ದ. ನೀ ಕುರಿಯ ಜಂತುಹುಳಕ್ಕೆ ಔಷಧ ಕುಡಿಸುತ್ತೀಯಲ್ಲ, ಇದೂ ಅದೇ ಜಾತಿಯದು ಎಂದಿದ್ದ ಅವನು. ಭಗವಂತರಾಯ ಹಿಗ್ಗಿ ಹೀರೇಕಾಯಿಯಾದ. ಸರಕಾರವೇ ಬಾಗಿಲಿಗೆ ತಂದು ಪುಕ್ಕಟೆ ಸುರಿದರೆ ಬೇಡವೆನ್ನುವ ದಡ್ಡ ಯಾರು? ಅಂದಿನಿಂದ ಪ್ರತಿ ವರ್ಷ ಮನೆಮಂದಿಯ ಪಾಲಿನ ಗುಳಿಗೆಯನ್ನೆಲ್ಲ ಕುಟ್ಟಿ ಪುಡಿ ಮಾಡಿ, ಬೆಲ್ಲ ತೌಡಿನಲ್ಲಿ ಸೇರಿಸಿ ಕುರಿಗಳಿಗೆ ತಿನ್ನಿಸುತ್ತ ಬಂದ. ಜೋಳದ ರೊಟ್ಟಿ, ಹಸಿಮೆಣಸಿನ ಖಾರ ತಿನ್ನುವ ಮೈಯಲ್ಲಿ ಯಾವ ಹುಳ ಉಳಿದೀತು ಎಂಬುದು ಅವನ ವಾದ. ಕುರಿಗಳೋ, ಸಂತೆಯಲ್ಲಿ ನಿಂತರೆ ಜನ ಹೊರಳಿ ಹೊರಳಿ ನೋಡುವಂತಾಗಿದ್ದವು.

ಹೆಂಡತಿ ಮಲಕಮ್ಮನ ಬಲಗಾಲು ಮಾತ್ರ ಮೂರು ವರ್ಷದಿಂದ ಬಾತು ಕಂಬದ ಹಾಗಾಗಿತ್ತು. ಗಾಳಿ ಬಡಿದಿದೆ ಎಂದು ಅಂಗಾರ ಹಚ್ಚಿಸಿದ, ತಾಯತ ಕಟ್ಟಿಸಿದ. ಗುಳಿಗೆಗೂ ಆ ಕಾಲಿಗೂ ನಂಟಿರಬಹುದೆಂದು ಅವನಿಗೆ ಹೊಳೆಯಲೇ ಇಲ್ಲವೆಂದರೆ ಸುಳ್ಳಾದೀತು. ಹೊಳೆದಿತ್ತು. ಹೊಳೆದ ದಿನ ಬೆಳ್ಳಂಬೆಳಗ್ಗೆ ಕುರಿ ಹೊಡೆದುಕೊಂಡು ಶಿರವಾಳದ ಕಡೆಯ ಹೊಲಗಳಿಗೆ ಹೋಗಿಬಿಟ್ಟಿದ್ದ.

ಈಗ ಇನ್ನೊಂದು ನೆವ ತೆಗೆದ. ತಾನಿನ್ನೂ ಉಂಡಿಲ್ಲ, ಬರಿಹೊಟ್ಟೆಯಲ್ಲಿ ನುಂಗಬಾರದಲ್ಲ ಎಂದ. ಹಾಗಾದರೆ ಉಂಡು ಬರ್ರಿ ಎಂದು ಮಹಾನಂದಾ ಕಟ್ಟೆಯ ಮೇಲೆ ಕೂತೇಬಿಟ್ಟಳು. ಅಷ್ಟರಲ್ಲಿ ಒಳಗಿನಿಂದ ಮಲಕಮ್ಮ, ಈಗಷ್ಟೇ ಮೂರು ರೊಟ್ಟಿ ತಿಂದು ಕೈ ತೊಳೆದಾರ ಎಂದು ಕೂಗಿ ಹೇಳಿದಳು. ಭಗವಂತರಾಯ ಬಾಗಿಲ ಕಡೆಗೊಮ್ಮೆ ಕಣ್ಣು ಕೆಂಪಗೆ ಮಾಡಿದ. ಬೇರೆ ದಾರಿ ಕಾಣದೆ ರೇಗಿದ.

"ಇದು ಕುರಿಗಿ ಹಾಕೋ ಔಷಧ ಅದ. ನಾವೇನು ಕುರಿಯೇನು?"

ಮಹಾನಂದಾ ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ. "ದೊಡ್ಡಪ್ಪ, ಹಿಂಡಿಗಿ ಔಷಧ ಹಾಕೋ ಮುಂದ ಜಡ್ಡು ಬಿದ್ದ ಕುರಿಗಷ್ಟೇ ಹಾಕ್ತೀರೇನ್ರಿ?"

"ಹುಚ್ಚಿ. ಒಂದು ಬಿಟ್ರ ಅದರಿಂದ ಎಲ್ಲಾಕ್ಕೂ ಮತ್ತ ಹತ್ತತದ" ಎಂದುಬಿಟ್ಟ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಆಗ ಮಲಕಮ್ಮ ಬಾತ ಕಾಲೆಳೆಯುತ್ತ ಹೊರಗೆ ಬಂದಳು. ಬರುವಾಗ ಸೊಸೆ ದೇವಿಕಾಳ ರಟ್ಟೆ ಹಿಡಿದು ಕರೆತಂದಳು. ಹುಡುಗಿಗೆ ಹೋದ ತಿಂಗಳು ಚಳಿಜ್ವರ ಬಂದು ಹೋಗಿತ್ತು, ಈಗ ಪಾದ ಬಾತಿದೆ, ತನಗೂ ಹೀಗೇ ಶುರುವಾಗಿತ್ತು ಎಂದಳು. ಮಹಾನಂದಾ ದೇವಿಕಾಳ ಪಾದ ಒತ್ತಿ ನೋಡಿದಳು. ಇದು ಇನ್ನೂ ಮೊದಲ ಹಂತ, ಇವತ್ತೇ ಗುಳಿಗೆ ನುಂಗಲಿ, ನಾಳೆ ದವಾಖಾನೆಗೆ ಬಂದು ರಕ್ತ ಕೊಡಲಿ, ತಡೆಯಬಹುದು ಎಂದಳು. ಮಲಕಮ್ಮನ ಕಾಲು ಮಾತ್ರ ಮೊದಲಿನ ಹಾಗಾಗುವುದು ಕಷ್ಟ. ದಿನಾ ಸಾಬೂನು ಹಚ್ಚಿ ತೊಳೆದು ಒರೆಸಿಕೊಂಡರೆ ಹುಣ್ಣಾಗದಂತೆ ನೋಡಿಕೊಳ್ಳಬಹುದು, ಅಷ್ಟೇ.

ಭಗವಂತರಾಯ ಸೊಸೆಯ ಪಾದವನ್ನೇ ನೋಡಿದ. ಮೊನ್ನೆ ಮೊನ್ನೆ ಸೊಸೆಯಾಗಿ ಬಂದ ಹುಡುಗಿ. "ಮೊದಲ ಆಕಿಗಿ ಕೊಡವ್ವ" ಎಂದ. ದೇವಿಕಾ ನುಂಗಿದಳು. ಅವನೂ ನುಂಗಿ, ಕೇಳದಿದ್ದರೂ ಬಾಯಿ ತೆರೆದು ತೋರಿಸಿದ.

ಮಹಾನಂದಾ ಮಲಕಮ್ಮನ ಅಂಗೈಗೆ ಗುಳಿಗೆ ಹಾಕುತ್ತ ಕೇಳಿದಳು: "ದೊಡ್ಡವ್ವ, ಪ್ರತಿ ವರ್ಷ ನಾನೇ ತಂದು ಕೊಟ್ಟೀನಲ್ಲ. ನೀ ಒಮ್ಮಿನೂ ನುಂಗಿಲ್ಲೇನು?"

ಮಲಕಮ್ಮ ಗಂಡನ ಮುಖ ನೋಡಲಿಲ್ಲ, ದನಿ ಏರಿಸಲೂ ಇಲ್ಲ.

"ದೊಡ್ಡ್ಯಾಗಿನ ಒಂದು ಕುರಿನೂ ಬಿಡದಂಗ ತಿನಿಸ್ಯಾರವ್ವ. ತೌಡು ಕಲಿಸಿ ಕೊಟ್ಟಾಕಿ ನಾನೇ. ಆ ಹಿಂಡಿನ್ಯಾಗ ನನ್ನೂ ಒಂದು ಕುರಿ ಅಂತ ಹಿಡಿದಿದ್ರ, ಈ ಕಾಲು ಉಳೀತಿತ್ತು."