ಬಾಗಿನ ಕೊಟ್ಟವರು

"ಗೇಟೆಲ್ಲ ಎತ್ತಾಯ್ತು ಮೇಡಂ. ಇನ್ನೊಂದು ಗಂಟೆ ಅಷ್ಟೇ, ಹೊಳೆದಡ ಖಾಲಿ ಮಾಡ್ಸಿ!"

ಅಣೆಕಟ್ಟೆಯಿಂದ ಬಂದ ಫೋನು ಕಟ್ಟಾಯಿತು. ಗ್ರಾಮ ಆಡಳಿತಾಧಿಕಾರಿ ಅನುಶ್ರೀ ಹೊಳೆಯತ್ತ ಓಡಿದಳು. ಖಾಲಿ ಮಾಡಿಸಬೇಕಾದದ್ದು ಒಬ್ಬಿಬ್ಬರನ್ನಲ್ಲ, ಇಡೀ ಊರನ್ನು. ಹೇಮಾವತಿ ತುಂಬಿದ್ದಾಳೆಂದು ಅವತ್ತು ಮಂತ್ರಿಗಳಿಂದ ಬಾಗಿನ. ಹೊಳೆಯ ಮೆಟ್ಟಿಲಿಗೆ ಅಂಟಿಕೊಂಡಂತೆ ಶಾಮಿಯಾನ, ಮುಂದಿನ ಸಾಲಿನಲ್ಲಿ ಕಳಸ ಹಿಡಿದ ಹೆಣ್ಣುಮಕ್ಕಳು.

ಪಂಚಾಯಿತಿ ಅಧ್ಯಕ್ಷ ಕಾಂತರಾಜು ಜಪ್ಪಯ್ಯ ಅನ್ನಲಿಲ್ಲ. "ಓದ್ ವರ್ಸನೂ ಇಂಗೇ ಎದರ್ಸುದ್ರಿ, ಮೆಟ್ಲೂ ನೆನೀಲಿಲ್ಲ. ಮಂತ್ರಿಗಳು ಚನ್ನರಾಯಪಟ್ಟಣ ಬುಟ್ಟವ್ರೆ. ಬಾಗಿನ ಆಗ್ದೆ ಒಬ್ರೂ ಏಳಂಗಿಲ್ಲ!"

ಅವಳು ಮೈಕು ಕಿತ್ತುಕೊಂಡು ಕೂಗಿದಳು. ಗಂಟಲು ಹರಿಯಿತೇ ಹೊರತು ಯಾರೂ ಏಳಲಿಲ್ಲ. "ಬಾಗಿನ ಆಗ್ಲಿ, ಎದ್ದೋಯ್ತೀವಿ" ಎಂದು ಜನ ಇನ್ನಷ್ಟು ಒತ್ತಿಕೊಂಡು ಕೂತರು. ಅಷ್ಟರಲ್ಲಿ ಕೆಳಗಿನ ಎರಡು ಮೆಟ್ಟಿಲು ಕಾಣದಾದವು.

ಬಾಗಿನದ ಮೊರಗಳನ್ನು ಕಾಯುತ್ತ ಕೂತಿದ್ದ ಚಿಕ್ಕಲಕ್ಷ್ಮಮ್ಮ ಅವಳ ಸೆರಗು ಜಗ್ಗಿದಳು. "ಸರ್ಕಾರದೋರು ಬಾಗಿನ ಕೊಡ್ಬೇಕು ತಾನೆ? ನೀನೇ ಕೊಡವ್ವ."

"ನಾನಾ? ನಾನ್ಯಾರಜ್ಜಿ?"

"ಮಳೆಗೆ ನನ್ ಗ್ವಾಡೆ ಬಿದ್ದಾಗ ಬಂದೋಳು ನೀನು. ಸರ್ಕಾರ ಅಂತ ನಾನು ಕಂಡಿರೋದು ನಿನ್ನನ್ನೇ ಕಣವ್ವ."

ಅನುಶ್ರೀ ಮೊರಕ್ಕೆ ಕೈ ಹಾಕಿದಳು. ಕಾಂತರಾಜು ಕಿರುಚಿದ. "ಮುಟ್ಬೇಡಿ! ನಿಮ್ ಕೆಲ್ಸ ಓಯ್ತದೆ!"

"ಹೋಗ್ಲಿ ಬಿಡಿ!"

ಮೊಣಕಾಲುದ್ದ ನೀರಿಗಿಳಿದು ಅರಿಶಿನ ಕುಂಕುಮದ ಮೊರವನ್ನು ತೇಲಿಬಿಟ್ಟಳು. ಹೊಳೆ ಅದನ್ನು ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಸೆಳೆದುಕೊಂಡಿತು. ಅವಳು ಓಡಿಬಂದು ಮೈಕು ಹಿಡಿದಳು. "ಬಾಗಿನ ಆಯ್ತು! ಪ್ರಸಾದ ಮೇಲೆ, ಸ್ಕೂಲಿನ ಹತ್ರ!"

ಅಡುಗೆಯ ಗುಂಡಯ್ಯ ಪಾಯಸದ ಕೊಳಗವನ್ನು ಟ್ರ್ಯಾಕ್ಟರಿಗೇರಿಸಿ ಹೊರಟೇಬಿಟ್ಟ. ಜನ ದಡಬಡನೆ ಎದ್ದು ಅದರ ಹಿಂದೆ ನಡೆದರು. ಕೆಂಪು ನೀರು ಮೇಲಿನ ಮೆಟ್ಟಿಲು ಮುಟ್ಟಿದ್ದನ್ನು ನೋಡಿದ ಕಾಂತರಾಜು ಕೊನೆಯಲ್ಲಿ ಉಳಿದಿದ್ದ ಇಬ್ಬರು ಮಕ್ಕಳನ್ನು ಕಂಕುಳಿಗೇರಿಸಿಕೊಂಡು ಓಡಿದ. ಅವನು ಸ್ಕೂಲಿನ ಏರು ಹತ್ತಿ ತಿರುಗಿದಾಗ ಶಾಮಿಯಾನದ ಜಾಗದಲ್ಲಿ ಹೊಳೆ ಹರಿಯುತ್ತಿತ್ತು. ಅನುಶ್ರೀ ತಲೆ ಎಣಿಸಿದಳು, ಮತ್ತೊಮ್ಮೆ ಎಣಿಸಿದಳು. ಎಲ್ಲರೂ ಇದ್ದರು. ಅವಳಿಗೆ ಅಳು, ನಗು ಒಟ್ಟಿಗೇ ಬಂದವು.

ಮಂತ್ರಿಗಳ ಕಾರು ಬಂದಾಗ ಎಲ್ಲರೂ ಪಾಯಸ ಕುಡಿಯುತ್ತಿದ್ದರು. ಕೊರಳ ತುಂಬ ಹಾರ ಹೊತ್ತ ಮಂತ್ರಿಗಳು ಇಳಿದವರೇ ಕೇಳಿದರು, "ಬಾಗಿನ ಆಗೋಯ್ತಂತೆ! ನಾನು ಬರೋಕೆ ಮುಂಚೆ ಕೊಟ್ಟೋರು ಯಾರ್ರೀ?"

ಕಾಂತರಾಜು ನೆಲ ನೋಡಿದ. ಅನುಶ್ರೀ ಒದ್ದೆ ಸೀರೆಯಲ್ಲೇ ಒಂದು ಹೆಜ್ಜೆ ಮುಂದೆ ಬಂದಳು. ಅವಳು ಬಾಯಿ ತೆರೆಯುವ ಮೊದಲೇ ಚಿಕ್ಕಲಕ್ಷ್ಮಮ್ಮ ಒಂದು ದೊನ್ನೆ ಪಾಯಸವನ್ನು ಮಂತ್ರಿಗಳ ಕೈಗಿಟ್ಟಳು.

"ಸರ್ಕಾರದೋರೇ ಕೊಟ್ರು ಕಣಪ್ಪ. ನೀನು ಯಾವೂರೋನು?"