ಮೀನಿನ ಪಂಪು

"ಇದು ಮೀನಿನ ತೊಟ್ಟಿಗೆ ಹಾಕೋ ಪಂಪಲ್ವಾ?" ಅಂದ ಮಗುವಿನ ಅಪ್ಪ. ಬಣ್ಣದ ಮೀನು ಮಾರೋನು ಅವನು, ಹಗಲೆಲ್ಲ ಇಂಥ ಪಂಪುಗಳ ಜೊತೆಗೇ ಬಾಳು. ಈಗ ನೋಡಿದ್ರೆ, ದಿನ ತುಂಬೋ ಮೊದಲೇ ಹುಟ್ಟಿದ ತನ್ನ ಮಗಳಿಗೂ ಅದರಿಂದಲೇ ಗಾಳಿ. ಪಂಪಿಂದ ಬಂದ ಪೈಪು ಪುಟ್ಟ ಮೂಗಿಗೆ ಸಿಕ್ಕಿಸಿತ್ತು; ಅದರ ಇನ್ನೊಂದು ತುದಿ ನೀರಿನ ಬಾಟ್ಲಿಯೊಳಗೆ ಮುಳುಗಿ, ಮಿಕ್ಕ ಗಾಳಿ ಅಲ್ಲಿ ಗುಳುಗುಳು ಅಂತಿತ್ತು.

"ಅದೇ ಪಂಪು," ಅಂದ್ರು ಸಿಸ್ಟರ್, ಮಗುವಿನ ಟೋಪಿ ಸರಿ ಮಾಡ್ತಾ. "ದೊಡ್ಡ ಮಷೀನು ನಮ್ಮಲ್ಲಿಲ್ಲ. ಡಾಕ್ಟ್ರೇ ಜೋಡಿಸಿರೋದು."

"ನಾನು ಗಾಡಿಗೆ ಹೇಳಿದೀನಿ. ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ. ಇಂಥ ಪಂಪಿದ್ದೂ ನನ್ನ ಅಂಗಡೀಲಿ ತೊಟ್ಟಿ ಮೀನೆಲ್ಲ ಹೊಟ್ಟೆ ಮೇಲೆ ಮಾಡ್ಕೊಂಡು ತೇಲಿದ್ವು, ಗೊತ್ತಾ?"

"ಸದ್ದಿಗೆ ನಿದ್ದೆ ಬರಲ್ಲ ಅಂತ ಆಫ್ ಮಾಡಿ ಮಲಗಿದ್ದು ಯಾರು ಅಳಿಯಂದ್ರೆ?" ಅಂದ್ರು ಬಾಗಿಲಲ್ಲಿ ನಿಂತಿದ್ದ ಅತ್ತೆ.

ಅವನ ಬಾಯಿಗೆ ಬೀಗ ಬಿತ್ತು. ಆದ್ರೂ ಪಟ್ಟು ಬಿಡ್ಲಿಲ್ಲ. ಮಗುವಿನ ಬಟ್ಟೆ ಚೀಲ ಹೆಗಲಿಗೇರಿಸಿದ.

ಸಿಸ್ಟರ್ ಅಡ್ಡ ನಿಂತ್ರು. "ಹೊಸ ಬಲೂನು ಊದೋವಾಗ ಮೊದಲ್ನೇ ಸಲಾನೇ ಕಷ್ಟ ಅಲ್ವಾ? ಇವಳ ಶ್ವಾಸಕೋಶ ಇನ್ನೂ ಬಲಿತಿಲ್ಲ. ಉಸಿರು ಬಿಟ್ಟಾಗೆಲ್ಲ ಮುದುಡಿಕೊಳ್ಳುತ್ತೆ, ಪ್ರತಿ ಸಲಾನೂ ಅವಳಿಗೆ ಹೊಸ ಬಲೂನೇ. ಮುದುಡದ ಹಾಗೆ ಹಿಡಿದಿರೋದು ಈ ಗಾಳಿ. ನಿಮ್ಮ ಗಾಡೀಲಿ ಇದಿಲ್ಲ. ದಾರೀಲೇ ಸೋತು ಹೋಗ್ತಾಳೆ. ನಾನಂತೂ ಬಿಡಲ್ಲ."

ಅಷ್ಟರಲ್ಲಿ ಗುಳುಗುಳು ನಿಂತೇ ಹೋಯ್ತು. ಅವನು ಪಂಪಿನತ್ತ ಬಗ್ಗಿದ. "ಕೆಟ್ಟೋಯ್ತು ನೋಡಿ, ನಾನು ಹೇಳ್ಲಿಲ್ವಾ?" ಆದ್ರೆ ಪಂಪು ಜುಯ್ ಅಂತಾನೇ ಇತ್ತು. ಮಗುವಿನ ಪಕ್ಕೆಗಳ ನಡುವೆ ಚರ್ಮ ಒಳಕ್ಕೆ ಸೇದಿಕೊಳ್ತಿತ್ತು.

"ಬಾಯಿ ಬಿಟ್ಟಿದಾಳೆ, ಗಾಳಿ ಅಲ್ಲಿಂದ ಸೋರ್ತಿದೆ. ಕೈ ತೊಳೆದಿದೀರಲ್ಲ, ಬನ್ನಿ ಇಲ್ಲಿ." ಸಿಸ್ಟರ್ ಅವನ ಬೆರಳು ಹಿಡಿದು ಮಗುವಿನ ಗಲ್ಲದ ಕೆಳಗಿಟ್ರು. "ಒತ್ಬೇಡಿ. ಸುಮ್ನೆ ಆಸರೆ ಕೊಡಿ."

ಕಡ್ಲೆಕಾಳಿನಷ್ಟು ಬಾಯಿ ಮುಚ್ಕೊಳ್ತು. ಬಾಟ್ಲಿಯಲ್ಲಿ ಒಂದು ಗುಳ್ಳೆ ಎದ್ದಿತು. ಅದರ ಬೆನ್ನಿಗೆ ಇನ್ನೊಂದು. ಆಮೇಲೆ ಗುಳುಗುಳು ಗುಳುಗುಳು. ಒಳಕ್ಕೆ ಹೋಗ್ತಿದ್ದ ಪಕ್ಕೆ ಮೆಲ್ಲಗೆ ತಹಬಂದಿಗೆ ಬಂತು.

"ಬಾಯಿ ಮುಚ್ಕೊಂಡಿರೋಕೆ ಇವಳಿಗೂ ಒಬ್ರು ಬೇಕು, ಥೇಟ್ ಅಪ್ಪನ ಹಾಗೆ," ಅಂದ್ರು ಅತ್ತೆ, ಬಾಟ್ಲಿಯಿಂದ ಕಣ್ಣು ತೆಗೀದೆ.

ಅವನ ಜೇಬಲ್ಲಿ ಫೋನು ಬಡ್ಕೊಳ್ತು. ಅತ್ತೆಯೇ ಬಂದು ಎತ್ಕೊಂಡ್ರು. "ಗಾಡಿಯವನು, ಕೆಳಗೆ ನಿಂತಿದಾನಂತೆ. ಏನು ಹೇಳ್ಲಿ?"

"ಹೋಗು ಅನ್ನಿ."

ಹೆಗಲಿನ ಚೀಲ ಜಾರಿ ಮೊಣಕೈಗೆ ಬಂದು ನೇತಾಡ್ತಿತ್ತು. ಅತ್ತೆ ಅದನ್ನ ಬಿಡಿಸ್ಕೊಂಡ್ರೂ ಅವನ ಬೆರಳು ಅಲ್ಲಾಡ್ಲಿಲ್ಲ. ಸ್ವಲ್ಪ ಹೊತ್ತಿಗೆ ಸಿಸ್ಟರ್ ಮೆತ್ತನೆ ಬಟ್ಟೆ ಪಟ್ಟಿ ತಂದ್ರು. "ಕೈ ಮರಗಟ್ಟಿರುತ್ತೆ, ತೆಗೀರಿ. ಗಲ್ಲಕ್ಕೆ ಪಟ್ಟಿ ಕಟ್ತೀನಿ."

ಅವನು ತಿರುಗಿ ಕೂಡ ನೋಡ್ಲಿಲ್ಲ.

"ಅವಳಿಗೆ ಆಕಳಿಕೆ ಬಂದ್ರೆ ಪಟ್ಟಿಗೆ ಗೊತ್ತಾಗುತ್ತಾ ಸಿಸ್ಟರ್?"