ಹಚ್ಚೆ ಇದ್ದವರಿಗೆ ಪ್ರವೇಶವಿಲ್ಲ

ಕೋಟೆ ನೋಡಿದ್ದಾಯಿತು, ಬಣ್ಣದ ದೀಪಗಳ ಬೀದಿ ಸುತ್ತಿದ್ದಾಯಿತು. ಆ ಜಪಾನಿ ಊರಿನಲ್ಲಿ ಇನ್ನು ಉಳಿದಿದ್ದು ಹೆಸರುವಾಸಿ ಬಿಸಿನೀರಿನ ಸ್ನಾನದ ಮನೆಯೊಂದೇ. ಹೆಂಗಸರೆಲ್ಲ ಒಂದೇ ತೊಟ್ಟಿಗೆ ಬರಿಮೈಯಲ್ಲಿ ಇಳಿಯಬೇಕು ಎಂದು ತಿಳಿದಾಗಿನಿಂದ ನೂತನ, ಜೊತೆಗೆ ಬಂದಿದ್ದ ಅತ್ತೆಯೊಂದಿಗೆ ಹೋಗುವುದನ್ನು ತಪ್ಪಿಸಿಕೊಳ್ಳಲು ನೆಪ ಹುಡುಕುತ್ತಿದ್ದಳು. ಅವಳ ಬೆನ್ನ ಮೇಲೆ ಕಾಲೇಜು ದಿನಗಳ ಹುಡುಗನೊಬ್ಬನ ಹೆಸರಿನ ಹಚ್ಚೆಯಿತ್ತು, ಅದೂ ಕನ್ನಡದಲ್ಲಿ. ಗಂಡನಿಗೆ ಗೊತ್ತಿತ್ತು, ಅತ್ತೆಗೆ ಮಾತ್ರ ಗೊತ್ತಾಗಬಾರದೆಂದು ಇಬ್ಬರೂ ಮಾತಾಡಿಕೊಂಡಿದ್ದರು.

ಬಾಗಿಲಲ್ಲೇ ಇಂಗ್ಲಿಷ್ ಬೋರ್ಡು ಕಂಡಿತು: ಹಚ್ಚೆ ಇದ್ದವರಿಗೆ ಪ್ರವೇಶವಿಲ್ಲ. ಅತ್ತೆಯ ಮುಂಗೈ ತುಂಬ ಹಸಿರು ಹಚ್ಚೆ. ನೂತನಳಿಗೆ ಹೋದ ಜೀವ ಬಂದಂತಾಯಿತು.

"ಅತ್ತೆ, ಹಚ್ಚೆ ಇರೋರ್ನ ಒಳಗೆ ಬಿಡಲ್ವಂತೆ. ಇಲ್ಲಿ ಅದು ರೌಡಿಗಳ ಗುರುತಂತೆ. ನಡೀರಿ, ವಾಪಸ್ ಹೋಗೋಣ."

"ನಾನು ರೌಡಿನಾ? ಮಂಡಿನೋವಿಗೆ ಒಳ್ಳೇದು ಅಂತ ಇಷ್ಟು ದೂರ ಬಂದು ಹಂಗೇ ಹೋಗ್ಲಾ?"

ಅತ್ತೆ ಸೆರಗು ಸರಿಸಿ, ಗಲ್ಲಾದಲ್ಲಿದ್ದ ಹೆಂಗಸಿನ ಮುಂದೆ ಕೈ ಚಾಚಿಯೇಬಿಟ್ಟರು. ಅವಳು ನಕ್ಕು, ತಲೆಬಾಗಿ, ಅಗಲವಾದ ಪ್ಲಾಸ್ಟರೊಂದನ್ನು ತೆಗೆದುಕೊಟ್ಟು, ಹಚ್ಚೆಯ ಮೇಲೆ ಅಂಟಿಸಿಕೊಂಡು ಒಳಗೆ ಹೋಗಿ ಎಂದು ಸನ್ನೆ ಮಾಡಿದಳು.

ನೂತನ ಹಣೆ ಒತ್ತಿಕೊಂಡಳು. "ನಂಗ್ಯಾಕೋ ತಲೆನೋವು ಅತ್ತೆ. ನೀವೊಬ್ರೇ ಹೋಗ್ಬನ್ನಿ."

ಅತ್ತೆ ಪ್ಲಾಸ್ಟರ್ ಅಂಟಿಸಿಕೊಂಡು, ಇನ್ನೊಂದು ಬೇಕೆಂದು ಗಲ್ಲಾದವಳಿಗೆ ಬೆರಳೆತ್ತಿ ತೋರಿಸಿದರು.

"ಇನ್ನೊಂದ್ಯಾಕೆ ಅತ್ತೆ? ಹಚ್ಚೆ ಪೂರ್ತಿ ಮುಚ್ಚಿದೆಯಲ್ಲ."

"ಹೋದ್ವರ್ಷ ನೀನು ಜ್ವರದಲ್ಲಿ ಎಚ್ಚರತಪ್ಪಿ ಮಲಗಿದ್ದಾಗ ಮೈ ಒರೆಸಿದ್ದು ನಾನೇ ಕಣೇ," ಎಂದರು ಅತ್ತೆ. "ತಿರುಗು, ಬೆನ್ನಿಗೆ ಅಂಟಿಸ್ತೀನಿ."